ನೀಲಿ ಸಾರಿನ ಕಲ್ಚಟ್ಟಿ

ನಾನು ಒಂದು ಕಲ್ಚಟ್ಟಿ. ಬಳಪದ ಕಲ್ಲಿನಲ್ಲಿ ಕಡೆದ ಪಾತ್ರೆ. ನೆಲದಿಂದ ಎದ್ದಾಗ ಉಗುರಿನಿಂದ ಗೀರಿದರೂ ಪುಡಿ ಉದುರುವಷ್ಟು ಮೆದುವಾದ ಬೂದು ತುಂಡಾಗಿದ್ದೆ. ಕಲ್ಲುಕುಟಿಗನೊಬ್ಬ ನನ್ನ ಹೊಟ್ಟೆ ಟೊಳ್ಳು ಮಾಡಿ, ಅಂಚು ತಿದ್ದಿ, ಹಿಡಿಯಲು ಎರಡು ಕಿವಿ ಬಿಟ್ಟ.

ಮಂಡ್ಯದ ಸಂತೆಯಲ್ಲಿ ನನ್ನನ್ನು ಕೊಂಡ ಹೆಂಗಸು ತಕ್ಷಣ ಒಲೆಗೇರಿಸಲಿಲ್ಲ. ಬಿಸಿ ಗಂಜಿ ಹೊಯ್ದು ತಣಿಸುವುದು, ಎಣ್ಣೆ ಅರಿಶಿನ ಸವರಿ ಒಣಗಿಸುವುದು, ಮತ್ತೆ ಗಂಜಿ ಹೊಯ್ಯುವುದು. ಹೀಗೆ ಕೆಲವು ದಿನ ಪಳಗಿಸಿದ ಮೇಲೆಯೇ ಬೆಂಕಿ ತೋರಿಸಿದಳು. ಮೈಯ ಸಣ್ಣ ರಂಧ್ರಗಳಿಗೆಲ್ಲ ಎಣ್ಣೆ ಇಳಿದು ಕಪ್ಪಾದೆ, ಗಟ್ಟಿಯಾದೆ. ಕಲ್ಲಿಗೆ ಬಿಸಿ ನಿಧಾನವಾಗಿ ಏರುತ್ತದೆ, ನಿಧಾನವಾಗಿಯೇ ಇಳಿಯುತ್ತದೆ. ಉರಿಯಿಂದ ಇಳಿಸಿದ ಮೇಲೂ ನನ್ನೊಳಗೆ ಸಾರು ಕುದಿಯುತ್ತಲೇ ಇರುತ್ತಿತ್ತು.

ಆಕೆಯಿಂದ ನಾನು ಸೊಸೆ ಪುಟ್ಟತಾಯಮ್ಮನ ಕೈಗೆ ಬಂದೆ. ಪುಟ್ಟತಾಯಮ್ಮನ ನಾಲಿಗೆ ಬಲು ಚುರುಕು. ಸೌಟಿನಿಂದ ಒಂದು ತೊಟ್ಟು ಅಂಗೈಗೆ ಬಿಟ್ಟುಕೊಂಡು ನೆಕ್ಕಿ, "ಒಸಿ ಉಪ್ಪು ಸಾಲ್ದು" ಅನ್ನುವಳು, ಇಲ್ಲವೇ "ಹುಳಿ ಮುಂದಾಯ್ತು" ಅನ್ನುವಳು. ಬೇರೆಯವರ ಅಡುಗೆಯಿರಲಿ, ತನ್ನದನ್ನೂ ಬರಿದೇ ಚೆನ್ನಾಗಿದೆ ಎಂದವಳಲ್ಲ.

ಮನೆಗೆ ಗ್ಯಾಸ್ ಬಂತು, ಕುಕ್ಕರ್ ಬಂತು. ನಾನು ಅಟ್ಟ ಸೇರಿದೆ. ಎಣ್ಣೆ ಗಂಜಿ ಕಾಣದೆ ಮೈ ಬತ್ತಿತು.

ಪುಟ್ಟತಾಯಮ್ಮನ ಮೊಮ್ಮಗಳು ಮೇದಿನಿಗೆ ಒಂದು ವಿಡಿಯೋ ಗೇಮ್ ಎಂದರೆ ಪ್ರಾಣ. ಅದರಲ್ಲಿ ಸೋತು ಬಿದ್ದ ಹುಡುಗನೊಬ್ಬ ಹಿಮದ ಬೆಟ್ಟ ಹತ್ತಿ, ಕಪ್ಪು ಕಲ್ಲಿನ ಪಾತ್ರೆಯನ್ನು ಬರಿದಾಗಿಯೇ ಅಂಚು ಕೆಂಪಾಗುವಷ್ಟು ಕಾಯಿಸಿ, ಅದಕ್ಕೆ ಹಿಮದ ಹೂವಿನ ತಣ್ಣನೆಯ ರಸ ಸುರಿಯುತ್ತಾನಂತೆ. ಉಕ್ಕಿ ಬಂದ ನೀಲಿ ಸಾರು ಕುಡಿದರೆ ಹೋದ ಜೀವವೆಲ್ಲ ಮರಳುತ್ತದಂತೆ. ಅಜ್ಜಿಯೂ ಕನ್ನಡಕ ಏರಿಸಿಕೊಂಡು ಪಕ್ಕದಲ್ಲಿ ಕೂತು ನೋಡುವಳು.

"ಒಗ್ಗರ್ಣೆನೇ ಕೊಡ್ನಿಲ್ವಲ್ಲೇ ಆ ಹೈದ! ಅದ್ಯಾವ ಸೀಮೆ ಸಾರು?"

"ಒಂದಿನ ಮಾಡ್ಕೊಡ್ತೀನಿ, ಕುಡಿದು ನೋಡಿ ಬೈಯಿ ಅಜ್ಜಿ."

ಆ ಒಂದು ದಿನ ಪರೀಕ್ಷೆ ಮುಗಿಯಲಿ, ರಜೆ ಬರಲಿ ಎಂದು ಮುಂದೆ ಹೋಗುತ್ತಲೇ ಇತ್ತು. ಅಷ್ಟರಲ್ಲಿ ಅಜ್ಜಿಯ ದವಡೆಯಲ್ಲಿ ಗಡ್ಡೆ ಕಾಣಿಸಿತು. ಸೋಮವಾರದಿಂದ ಕಿರಣ ಚಿಕಿತ್ಸೆ. ನಾಲಿಗೆಯ ರುಚಿ ಹೋಗಬಹುದು, ಮರಳುವುದನ್ನು ಖಚಿತವಾಗಿ ಹೇಳಲಾಗದು ಎಂದರು ಡಾಕ್ಟರು.

ಭಾನುವಾರ ಮೇದಿನಿ ನನ್ನನ್ನು ಅಟ್ಟದಿಂದ ಇಳಿಸಿದಳು. ಕಾಂಪೌಂಡಿನ ಬಳ್ಳಿಯ ಶಂಖಪುಷ್ಪವನ್ನೆಲ್ಲ ಬಿಡಿಸಿ, ಕುದಿಸಿ, ಆ ನೀಲಿ ರಸವನ್ನು ಫ್ರಿಜ್ಜಿನಲ್ಲಿ ಇಟ್ಟಿದ್ದಳು. ಹುಳಿ ತಾಕಿದರೆ ನೀಲಿ ನೇರಳೆಯಾಗುವುದನ್ನು ಬಟ್ಟಲಲ್ಲಿ ಪರೀಕ್ಷಿಸಿ, ಹುಣಸೆ ಬಿಟ್ಟು ತೆಂಗಿನಹಾಲು, ಅಣಬೆ, ಶುಂಠಿ ಜೋಡಿಸಿದ್ದಳು.

"ಅಟ್ಟದಲ್ಲಿದ್ದ ಚಟ್ಟಿಗೆ ಮತ್ತೆ ಗಂಜಿ ಕುಡಿಸ್ಬೇಕು ಕಣವ್ವ. ಹಂಗೇ ಉರಿಗಿಡಬ್ಯಾಡ," ಎಂದಳು ಅಜ್ಜಿ.

"ನಾಳೆ ನೀನು ಹೊರಡ್ತೀಯಲ್ಲ."

"ಹಂಗಾರೆ ಸ್ಟೀಲ್ ಪಾತ್ರೇಲಿ ಮಾಡು. ನಾಲ್ಗೆಗೆ ಚಟ್ಟಿ ಕಾಣ್ತದಾ?"

"ಇಲ್ಲ ಅಜ್ಜಿ, ಆಟದಲ್ಲಿರೋ ಥರಾನೇ ಇರ್ಬೇಕು. ನೀನು ಹೋಗಿ ಕೂತ್ಕೊ."

ಹುಡುಗಿ ನನ್ನನ್ನು ಬರಿದಾಗಿಯೇ ದೊಡ್ಡ ಉರಿಯ ಮೇಲಿಟ್ಟಳು. ಅಂಚು ಕೆಂಪಾಗಲಿ ಎಂದು ಕಾದಳು, ಆಗಲಿಲ್ಲ. ನನಗೆ ಬಾಯಿದ್ದಿದ್ದರೆ ಕೂಗುತ್ತಿದ್ದೆ. ತಣ್ಣನೆಯ ರಸ ಒಮ್ಮೆಗೇ ಒಳಗೆ ಬಿತ್ತು. ತಣಿದ ಒಳಮೈ ಕುಗ್ಗಿತು, ಕಾದ ಹೊರಮೈ ಕುಗ್ಗದೆ ನಿಂತಿತು. ಟಣ್ ಎಂದು ಅಂಚಿನಿಂದ ತಳದವರೆಗೆ ಸೀಳಿಹೋದೆ. ನೀಲಿ ರಸವೆಲ್ಲ ಹರಿದು ಒಲೆ ಆರಿತು. ಬಳ್ಳಿಯಲ್ಲಿ ಇನ್ನೊಂದು ಹೂವಿರಲಿಲ್ಲ.

ಮೇದಿನಿ ಗ್ಯಾಸ್ ಬಂದ್ ಮಾಡಿದಳು. ಅಜ್ಜಿ ಬಂದು, ಕಟ್ಟೆಯ ಮೇಲಿನ ನೀಲಿಗೆ ಬೆರಳದ್ದಿ ನಾಲಿಗೆಗಿಟ್ಟು, "ಇದ್ಕೆ ಉಪ್ಪೇ ಬಿದ್ದಿಲ್ವಲ್ಲೇ, ಹೋಗ್ಲಿ ಬಿಡು," ಎಂದು ನಕ್ಕಳು. ಹುಡುಗಿ ನಗಲಿಲ್ಲ.

ಸಾರು ನಿಲ್ಲದ ನನ್ನನ್ನು ಯಾರೂ ಎಸೆಯಲಿಲ್ಲ. ಕಲ್ಲುಪ್ಪು ತುಂಬಿ ಒಲೆಯ ಪಕ್ಕದ ಮೂಲೆಯಲ್ಲಿಟ್ಟರು.

ಚಿಕಿತ್ಸೆ ಮುಗಿದು, ಬಳ್ಳಿ ಮತ್ತೆ ಹೂ ಬಿಟ್ಟಾಗ ಮೇದಿನಿ ಸ್ಟೀಲ್ ಪಾತ್ರೆಯಲ್ಲಿ ಸಾರು ಮಾಡಿದಳು. ಬಣ್ಣ ಕೆಡದಂತೆ ನೋಡಿಕೊಳ್ಳುವುದರಲ್ಲೇ ಅವಳ ಗಮನವೆಲ್ಲ ಇತ್ತು. ಬಟ್ಟಲಿಗೆ ಬಡಿಸಿಕೊಂಡು ಹಜಾರಕ್ಕೆ ಹೋದಳು. ಅಲ್ಲಿಂದ ಅಜ್ಜಿಯ ದನಿ ಕೇಳಿತು.

"ಚೆಂದಾಗದೆ ಕಣವ್ವ. ಏನೂ ಕಮ್ಮಿ ಇಲ್ಲ."

ನನಗೆ ಆಗಲೇ ತಿಳಿಯಿತು. ಮೇದಿನಿಗೆ ತಿಳಿದದ್ದು ಒಳಗೆ ಬಂದು ಸೌಟು ನೆಕ್ಕಿದ ಮೇಲೆ. ಅವಳು ಉಪ್ಪನ್ನೇ ಹಾಕಿರಲಿಲ್ಲ. ಹೊಟ್ಟೆ ತುಂಬ ಉಪ್ಪಿಟ್ಟುಕೊಂಡು ನಾನು ಅವಳ ಮೊಣಕೈ ಪಕ್ಕದಲ್ಲೇ ಕೂತಿದ್ದೆ.

ಅವಳು ನನ್ನೊಳಗೆ ಕೈಯಿಟ್ಟು ಉಪ್ಪು ತೆಗೆದಳು. ಹಿಡಿಯಲ್ಲೇ ಇಟ್ಟುಕೊಂಡು ಪಾತ್ರೆಯ ಮುಂದೆ ನಿಂತಳು. ಆಗ ಮತ್ತೆ ಅಜ್ಜಿ ಕೂಗಿದಳು: "ಇನ್ನೊಂದು ಸೌಟು ತತ್ತಾರವ್ವ!"

ಮೇದಿನಿ ಹಿಡಿ ಬಿಚ್ಚಿ ಉಪ್ಪನ್ನು ನನ್ನೊಳಗೇ ಸುರಿದಳು. ಕಣ್ಣೊರೆಸಿಕೊಂಡು, ಸಪ್ಪೆ ಸಾರನ್ನೇ ಮತ್ತೊಂದು ಸೌಟು ಬಟ್ಟಲಿಗೆ ಹಾಕಿಕೊಂಡು ಹೋದಳು.