ಆರು ವಾರ ಇಂಗ್ಲಿಷ್

ಮೆಟುಚೆನ್ನಿನ ಆ ನರ್ಸರಿ ಶಾಲೆಯಲ್ಲಿ ನನ್ನ ಮಗಳು ನೀತಾ ಒಂದು ಗಂಟೆ ಹೊತ್ತು ಬಾಯಿ ಬಿಡಲಿಲ್ಲ. ಅವಳಿಗೆ ಆಗ ನಾಲ್ಕು ವರ್ಷ. ಮನೆಯಲ್ಲಿ ಕಣ್ಣು ಬಿಟ್ಟಾಗಿನಿಂದ ಮಾತು; ಸ್ನಾನ ಮಾಡುವಾಗಲೂ ಮಾತು, ತುತ್ತು ಬಾಯಲ್ಲಿದ್ದರೂ ಮಾತು. ಅಲ್ಲಿ ಮಾತ್ರ ನನ್ನ ಸೀರೆಯ ನೆರಿಗೆ ಹಿಡಿದುಕೊಂಡು ನಿಂತೇ ಇದ್ದಳು. ಶಾಲೆ ನಡೆಸುವ ಮಿಸ್ ಮಾರ್ಗರೆಟ್ ಬೊಂಬೆ ತೋರಿಸಿದರು, ಮರದ ತುಂಡುಗಳನ್ನು ತೋರಿಸಿದರು, ಗೂಡಿನಲ್ಲಿದ್ದ ಮೊಲವನ್ನೂ ತೋರಿಸಿದರು. ಹೂಂ ಇಲ್ಲ, ಉಹೂಂ ಇಲ್ಲ.

ಮಿಸ್ ಮಾರ್ಗರೆಟ್ ಒಳ್ಳೆಯ ಹೆಂಗಸು. ಮುಂದೆ ನಾನು ಬರೆಯುವುದನ್ನು ಓದಿ ಯಾರೂ ಬೇರೆ ರೀತಿ ತಿಳಿಯಬಾರದು. ವಯಸ್ಸಾದ ಮಂಡಿಯನ್ನು ನೆಲಕ್ಕೂರಿ ನೀತಾಳ ಎತ್ತರಕ್ಕೆ ಇಳಿದು ಮಾತಾಡಿದರು. ಕೊನೆಗೆ ಎದ್ದು, ಮನೆಯಲ್ಲಿ ಯಾವ ಭಾಷೆ ಆಡುತ್ತೀರಿ ಎಂದು ಕೇಳಿದರು. ನನ್ನ ಗಂಡ ಗುರುರಾಜ, ಏನೋ ತಪ್ಪು ಒಪ್ಪಿಕೊಳ್ಳುವವರ ಹಾಗೆ, ಕನ್ನಡ ಎಂದರು.

ಎರಡು ಭಾಷೆಗಳ ನಡುವೆ ಮಗು ಗೊಂದಲಗೊಂಡಿದೆ, ಅದಕ್ಕೇ ಸುಮ್ಮನಾಗಿದೆ ಎಂದು ಮಿಸ್ ಮಾರ್ಗರೆಟ್ ನಿಧಾನವಾಗಿ ವಿವರಿಸಿದರು. ಇನ್ನು ಆರು ವಾರ ಮನೆಯಲ್ಲಿ ಇಂಗ್ಲಿಷ್ ಮಾತ್ರ ಆಡಿ. ಜೂನ್ ಮೊದಲ ವಾರ ಮತ್ತೆ ಕರೆತನ್ನಿ. ಆಗ ಅವಳು ನಾಲ್ಕು ಮಾತಾಡಿದರೆ ಸೆಪ್ಟೆಂಬರಿಗೆ ಸೇರಿಸಿಕೊಳ್ಳುತ್ತೇನೆ.

ಸಮರ್‌ಸೆಟ್ಟಿನ ನಮ್ಮ ಅಪಾರ್ಟ್‌ಮೆಂಟ್ ಬಾಗಿಲು ತೆಗೆಯುವಾಗಲೇ ಗುರುರಾಜ ಶುರುಮಾಡಿದರು. "ನೀತಾ, ಪ್ಲೀಸ್ ರಿಮೂವ್ ಯುವರ್ ಶೂಸ್."

ನೀತಾ ನನ್ನ ಮುಖ ನೋಡಿದಳು.

ಅವರ ಹೆದರಿಕೆ ನನಗೆ ಗೊತ್ತಿತ್ತು. ಚಿಕ್ಕನಾಯಕನಹಳ್ಳಿಯಲ್ಲಿ ಕನ್ನಡದಲ್ಲಿ ಓದಿ ಎಲ್ಲದರಲ್ಲೂ ಮೊದಲು ಬರುತ್ತಿದ್ದವರು, ಪಿ.ಯು.ಸಿ.ಗೆ ಬೆಂಗಳೂರಿಗೆ ಬಂದು ಒಂದು ವರ್ಷ ಪೂರ್ತಿ ಕೊನೆಯ ಬೆಂಚಿನಲ್ಲಿ ಮೂಕನ ಹಾಗೆ ಕೂತಿದ್ದರು. ಉತ್ತರ ಗೊತ್ತಿದ್ದರೂ ಕೈ ಎತ್ತುತ್ತಿರಲಿಲ್ಲವಂತೆ. ಈಗ ಪ್ರಿನ್ಸ್‌ಟನ್ನಿನ ಔಷಧಿ ಕಂಪನಿಯ ಲ್ಯಾಬಿನಲ್ಲಿ ಅವರ ಕೈಕೆಳಗೆ ಆರು ಜನ ಇದ್ದರು. ಆದರೂ ಮೀಟಿಂಗಿಗೆ ಮುಂಚೆ ಕನ್ನಡಿಯ ಮುಂದೆ ನಿಂತು ಹೇಳಬೇಕಾದದ್ದನ್ನು ಹೇಳಿಕೊಳ್ಳುತ್ತಿದ್ದರು.

"ನನ್ನ ಮಗಳು ಆ ಬೆಂಚಲ್ಲಿ ಕೂರಬಾರದು ಕಣೇ" ಎಂದರು. ಅದು ಕನ್ನಡದಲ್ಲಿ ಅವರು ಆಡಿದ ಕೊನೆಯ ಮಾತು, ಮುಂದಿನ ಮೂರು ವಾರದ ಮಟ್ಟಿಗೆ.

ನಾನು ಮೈಸೂರಿನಲ್ಲಿ ಬಿ.ಎ. ಮಾಡಿದವಳು. ನನ್ನ ಇಂಗ್ಲಿಷಿನಲ್ಲಿ ತಪ್ಪಿಲ್ಲ. ಆದರೆ ಅದು ಪರೀಕ್ಷೆ ಬರೆಯುವ ಇಂಗ್ಲಿಷ್. ಹಟ ಹಿಡಿದ ಮಗುವಿಗೆ ಮೊಸರನ್ನ ತಿನ್ನಿಸಲು ಅದರಲ್ಲಿ ಮಾತಿರಲಿಲ್ಲ. ಎಣ್ಣೆ ಹಚ್ಚುವಾಗ ಏನು ಹೇಳಬೇಕು, ಬಿದ್ದು ಮಂಡಿ ತರಚಿಕೊಂಡಾಗ ಏನೆಂದು ಊದಬೇಕು? ಒಂದೊಂದು ವಾಕ್ಯವನ್ನೂ ಮನಸ್ಸಿನಲ್ಲಿ ಜೋಡಿಸಿ ಆಡುವಷ್ಟರಲ್ಲಿ ಅದರ ಹೊತ್ತು ಮೀರಿಹೋಗುತ್ತಿತ್ತು. ಹಾಗಾಗಿ ನಾನು ಬೇಕಾದಷ್ಟೇ ಆಡತೊಡಗಿದೆ. ಕಮ್. ಈಟ್. ಸ್ಲೀಪ್.

ಮೊದಲ ವಾರ ನೀತಾ ಕನ್ನಡದಲ್ಲೇ ಕೇಳುತ್ತಿದ್ದಳು, ನಾನು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದೆ. ಎರಡನೆಯ ವಾರ ಕೇಳುವುದು ಕಡಿಮೆಯಾಯಿತು. ಮೂರನೆಯ ವಾರ ನನಗೆ ಗಾಬರಿಯಾಯಿತು. ಮನೆಯಲ್ಲಿ ಫ್ರಿಜ್ಜಿನ ಸದ್ದು ಕೇಳಿಸುತ್ತಿತ್ತು. ನೀತಾ ಮನೆಯಲ್ಲೂ ಮಾತು ಬಿಟ್ಟಿದ್ದಳು. ನೀರು ಬೇಕಾದರೆ ಲೋಟ ತಂದು ನನ್ನ ಮುಂದೆ ಹಿಡಿಯುತ್ತಿದ್ದಳು.

ಸಂಜೆ ಗುರುರಾಜರಿಗೆ ಹೇಳಿದರೆ, "ಇಟ್ ಈಸ್ ಎ ಟ್ರಾನ್ಸಿಷನ್, ಕೌಸಲ್ಯಾ" ಎಂದರು.

ನಮ್ಮ ಕಟ್ಟಡದಲ್ಲೇ ಮೇಲಿನ ಮಹಡಿಯಲ್ಲಿ ತ್ರಿಪುರಸುಂದರಿ ಇದ್ದರು. ನನಗಿಂತ ಹತ್ತು ವರ್ಷ ದೊಡ್ಡವರು, ಈ ದೇಶಕ್ಕೆ ನಮಗಿಂತ ಮುಂಚೆ ಬಂದವರು. ನಾನು ಸುಂದರಕ್ಕ ಎಂದು ಕರೆಯುತ್ತಿದ್ದೆ. ಅವರ ಮಗ ಶ್ಯಾಮ್ ಅದೇ ಮಿಸ್ ಮಾರ್ಗರೆಟ್ ಶಾಲೆಯಲ್ಲಿ ಓದಿ ಈಗ ಏಳನೆಯ ಗ್ರೇಡಿನಲ್ಲಿದ್ದ. ಕೆಳಗಿನ ಲಾಂಡ್ರಿ ರೂಮಿನಲ್ಲಿ ಬಟ್ಟೆ ಮಡಿಸುತ್ತಾ ಕೇಳಿದೆ.

"ನಿಮಗೂ ಹೀಗೇ ಹೇಳಿದ್ರಾ ಸುಂದರಕ್ಕ?"

"ಹೇಳ್ದೇ ಇರ್ತಾಳಾ? ನಾವೂ ಹಾಗೇ ಮಾಡಿದ್ವಿ. ನೋಡು, ಎಲ್ಲದ್ರಲ್ಲೂ ಎ ಗ್ರೇಡು ತರ್ತಾನೆ."

"ಮತ್ತೆ ಒಳ್ಳೇದೇ ಆಯ್ತಲ್ಲ."

"ಆಯ್ತಪ್ಪ. ಒಂದೇ ತಾಪತ್ರಯ." ಅವರು ಒಂದು ಟವೆಲನ್ನು ಎರಡು ಸಲ ಕೊಡವಿದರು. "ಜಗಳದಲ್ಲಿ ಪ್ರತಿ ಸಲ ಅವನೇ ಗೆಲ್ತಾನೆ. ನಾನು ಇಂಗ್ಲಿಷಲ್ಲಿ ಬೈಯೋಕೆ ಒಂದು ಪದ ಹುಡುಕೋಷ್ಟರಲ್ಲಿ ಅವನು ಮೂರು ಹೇಳಿ, ರೂಮಿಗೆ ಹೋಗಿ ಬಾಗಿಲು ಹಾಕ್ಕೊಂಡಿರ್ತಾನೆ. ನಿಂಗೆ ಇಂಗ್ಲಿಷಲ್ಲಿ ಚೆನ್ನಾಗಿ ಬೈಯೋಕೆ ಬರತ್ತೇನೇ?"

"ಇಲ್ಲ."

"ಕಲ್ತುಕೋ. ಬೇಕಾಗತ್ತೆ."

ಇಬ್ಬರೂ ನಕ್ಕೆವು. ಸುಂದರಕ್ಕ ಬೇಗ ನಗು ನಿಲ್ಲಿಸಿದರು. ಆಮೇಲೆ ಗೋಡೆಯ ಬೋರ್ಡಿಗೆ ಚುಚ್ಚಿದ್ದ ಒಂದು ಹಾಳೆ ತೋರಿಸಿ, "ಇದನ್ನ ಓದಿದ್ಯಾ?" ಎಂದರು.

ಮೇಲೆ ಸ್ಪ್ಯಾನಿಷ್, ಕೆಳಗೆ ಇಂಗ್ಲಿಷ್. ಹತ್ತಿರದ ಪಬ್ಲಿಕ್ ಶಾಲೆಯಲ್ಲಿ ನಾಲ್ಕು ವರ್ಷದ ಮಕ್ಕಳಿಗೆ ಹೊಸ ತರಗತಿ. ಬೆಳಗ್ಗೆ ಪೂರಾ ಸ್ಪ್ಯಾನಿಷ್, ಮಧ್ಯಾಹ್ನ ಪೂರಾ ಇಂಗ್ಲಿಷ್. ಅರ್ಧ ಮಕ್ಕಳು ಸ್ಪ್ಯಾನಿಷ್ ಆಡುವ ಮನೆಯವರು, ಇನ್ನರ್ಧ ಯಾರಾದರೂ ಸರಿ.

ಆ ಶಾಲೆಗೆ ಹೋಗುವ ವಿಷಯ ಸುಂದರಕ್ಕನನ್ನು ಬಿಟ್ಟು ಬೇರೆ ಯಾರಿಗೂ ಹೇಳಲಿಲ್ಲ. ಮರುದಿನ ನೀತಾಳ ಕೈ ಹಿಡಿದು ಹನ್ನೆರಡು ನಿಮಿಷ ನಡೆದೆ. ಆ ವರ್ಷ ಈ ದೇಶದ ಸ್ವಾತಂತ್ರ್ಯಕ್ಕೆ ಇನ್ನೂರು ವರ್ಷ ತುಂಬುತ್ತದೆಂದು ರಸ್ತೆಯ ಬದಿಯ, ಬೆಂಕಿ ಆರಿಸಲು ನೀರು ಕೊಡುವ ಫೈರ್ ಹೈಡ್ರಂಟುಗಳಿಗೆಲ್ಲ ಬಾವುಟದ ಕೆಂಪು, ಬಿಳಿ, ನೀಲಿ ಬಳಿದಿದ್ದರು. ಮಾಮೂಲಾಗಿದ್ದರೆ ನೀತಾ ಒಂದೊಂದರ ಮುಂದೂ ನಿಂತು ಪ್ರಶ್ನೆ ಕೇಳುತ್ತಿದ್ದಳು. ಅವತ್ತು ಮುಟ್ಟಿ ಮುಂದೆ ಬಂದಳು.

ಟೀಚರ್ ಮಿಸೆಸ್ ಓರ್ಟಿಸ್ ಪೋರ್ಟೊರಿಕೊ ಕಡೆಯವರು, ನನ್ನಷ್ಟೇ ವಯಸ್ಸು. ಕ್ಲಿಪ್‌ಬೋರ್ಡ್ ಹಿಡಿದು ಮನೆಯ ಭಾಷೆ ಯಾವುದೆಂದು ಕೇಳಿದರು. "ಇಂಗ್ಲಿಷ್" ಎಂದೆ. ಸುಳ್ಳು ಅಂತಲೂ ಅನಿಸಲಿಲ್ಲ. ಮೂರು ವಾರದಿಂದ ಅದೇ ತಾನೇ? ಅವರು ಬರೆದುಕೊಂಡರು.

ಆ ಕೋಣೆ ಗಲಾಟೆಯಾಗಿತ್ತು, ಅಷ್ಟೇನೂ ಚೊಕ್ಕಟವಾಗಿರಲಿಲ್ಲ. ನಾನು ಅದನ್ನೆಲ್ಲ ಗಮನಿಸುತ್ತಾ ನಿಂತೆ. ಕಿಟಕಿಯ ಒಂದು ಗಾಜು ಒಡೆದು ರಟ್ಟು ಹಚ್ಚಿದ್ದರು. ಒಂದು ಮಗುವಿನ ಮೂಗು ಸೋರುತ್ತಿತ್ತು. ನಡುವಿನ ಮೇಜಿನ ಮೇಲೆ ಒಂದು ಟಬ್ ತುಂಬ ಕರಿಯ ಹುರುಳಿಯಂಥ ಒಣ ಕಾಳು. ಮಕ್ಕಳು ಲೋಟದಿಂದ ಲೋಟಕ್ಕೆ ಸುರಿದು ಆಡುತ್ತಿದ್ದರು. ನೀತಾ ನನ್ನ ಸೀರೆ ಬಿಟ್ಟು ಮೇಜಿನ ತುದಿಗೆ ಹೋಗಿ ನಿಂತಳು. ಎರಡು ಜಡೆಯ ಒಬ್ಬ ಹುಡುಗಿ ಲೋಟವನ್ನು ತಲೆಯ ಮೇಲೆತ್ತಿ ಸುರಿಯಲು ಹೋದಳು. ಕಾಳು ನೆಲದ ತುಂಬ ಚೆಲ್ಲಿತು.

"ಅಯ್ಯೋ, ಚೆಲ್ಬೇಡ್ವೇ! ಆಮೇಲೆ ಆರ್ಸೋರು ಯಾರು?"

ನೀತಾ! ಅಷ್ಟು ಗಟ್ಟಿಯಾಗಿ, ಅಪರಿಚಿತರ ಮುಂದೆ.

ಆ ಹುಡುಗಿ ಸೊಂಟದ ಮೇಲೆ ಕೈಯಿಟ್ಟು ಸ್ಪ್ಯಾನಿಷಿನಲ್ಲಿ ಏನೋ ಉದ್ದಕ್ಕೆ ಹೇಳಿದಳು. ನೀತಾ ಕನ್ನಡದಲ್ಲಿ ಅದಕ್ಕಿಂತ ಉದ್ದಕ್ಕೆ ಹೇಳಿದಳು. ಸ್ವಲ್ಪ ಹೊತ್ತು ಹೀಗೇ ನಡೆದು, ಇಬ್ಬರೂ ನೆಲಕ್ಕೆ ಕೂತು ಕಾಳು ಹೆಕ್ಕತೊಡಗಿದರು.

ಮಿಸೆಸ್ ಓರ್ಟಿಸ್ ಕ್ಲಿಪ್‌ಬೋರ್ಡ್ ನೋಡಿದರು, ನನ್ನನ್ನು ನೋಡಿದರು. "ಈ ಥರದ ಇಂಗ್ಲಿಷ್ ನಾನು ಕೇಳಿರಲಿಲ್ಲ" ಎಂದರು.

ನನ್ನ ಕಿವಿ ಬಿಸಿಯಾಯಿತು. ನಿಜ ಹೇಳಿದೆ, ಮಿಸ್ ಮಾರ್ಗರೆಟ್ ಹೇಳಿದ್ದನ್ನೂ ಹೇಳಿದೆ. ಅವರು ಯಾರನ್ನೂ ಟೀಕಿಸಲಿಲ್ಲ. "ನಮ್ಮ ಶಾಲೆಗೆ ಕಳಿಸಿ, ಬಿಡಿ, ಅದು ನಿಮ್ಮಿಷ್ಟ. ಮನೆಯಲ್ಲಿ ಮಾತ್ರ ಅವಳೊಂದಿಗೆ ಮಾತಾಡಿ" ಎಂದರು. ಯಾವ ಭಾಷೆಯಲ್ಲಿ ಎಂದು ಹೇಳಲೂ ಇಲ್ಲ.

ರಾತ್ರಿ ಊಟಕ್ಕೆ ಕೂತಾಗ ಗುರುರಾಜರಿಗೆ ಎಲ್ಲ ಹೇಳಿದೆ, ಕನ್ನಡದಲ್ಲೇ. ಅವರಿಗೆ ಕೋಪ ಬಂತು, ಕೋಪ ಅವರಿಗೂ ಕನ್ನಡದಲ್ಲೇ ಬಂತು.

"ಸ್ಪ್ಯಾನಿಷ್ ಕಲ್ಸೋಕೆ ಇಷ್ಟು ದೂರ ಬಂದ್ವಾ? ಆ ಮಕ್ಕಳಿಗೇ ಇಂಗ್ಲಿಷ್ ಬರಲ್ಲ, ಅವರ ಜೊತೆ ಇವಳು ಏನು ಕಲೀತಾಳೆ?"

"ಅವಳು ಮಾತಾಡಿದ್ಲು ರೀ."

"ಕಾಳು ಚೆಲ್ಲಿದ್ದಕ್ಕೆ ಬೈದ್ಲು. ಅದು ಎಜುಕೇಶನ್ನಾ?" ಆಮೇಲೆ ದನಿ ತಗ್ಗಿಸಿದರು. "ಇನ್ನು ಮೂರು ವಾರ ಕಣೇ. ಮೆಟುಚೆನ್ನಲ್ಲಿ ಸೀಟು ಸಿಗಲಿಲ್ಲ ಅಂದ್ರೆ ನೀನು ಹೇಳ್ದಂಗೇ ಮಾಡೋಣ."

ನಾನು ಒಪ್ಪಿದೆ. ಅವರು ಆ ಮೂರು ವಾರ ದಿನಾ ಸಂಜೆ ಬೂಟು ಬಿಚ್ಚುವ ಮುಂಚೆಯೇ ನೀತಾಳನ್ನು ಸೋಫಾದ ಮೇಲೆ ಕೂರಿಸಿಕೊಂಡು ಹೇಳಿಕೊಟ್ಟರು. ವಾಟ್ ಈಸ್ ಯುವರ್ ನೇಮ್. ಹೌ ಓಲ್ಡ್ ಆರ್ ಯು. ಯಾರಾದರೂ ಏನಾದರೂ ಕೊಟ್ಟರೆ ಥ್ಯಾಂಕ್ ಯು. ಅವಳು ಕಲಿತಳು. ಅವಳಿಗೆ ಯಾವಾಗಲೂ ನೆನಪಿನ ಶಕ್ತಿ ಚೆನ್ನಾಗಿತ್ತು.

ಜೂನ್ ನಾಲ್ಕರಂದು ಮಿಸ್ ಮಾರ್ಗರೆಟ್ ಮುಂದೆ ನಿಂತು ನೀತಾ ಎಲ್ಲಕ್ಕೂ ಉತ್ತರ ಕೊಟ್ಟಳು. ಹೆಸರು ಹೇಳಿದಳು, ವಯಸ್ಸು ಹೇಳಿದಳು. ಬಿಸ್ಕತ್ತು ಕೊಟ್ಟರೆ ಥ್ಯಾಂಕ್ ಯು ಎಂದಳು. ಮಿಸ್ ಮಾರ್ಗರೆಟ್ ಕಣ್ಣಲ್ಲಿ ನೀರೇ ಬಂತು. ಸೀಟು ಕೊಟ್ಟೆ, ಸೋಮವಾರ ಫೋನ್ ಮಾಡಿ ಖಚಿತಪಡಿಸಿ, ಕಾಯುವವರ ಪಟ್ಟಿ ಉದ್ದವಿದೆ ಎಂದರು.

ಕಾರಿನಲ್ಲಿ ಗುರುರಾಜರಿಗೆ ಹಿಡಿಸಲಾರದಷ್ಟು ಸಂತೋಷ. ಹಿಂದಿನ ಸೀಟಿನ ಕಡೆ ಕನ್ನಡಿಯಲ್ಲಿ ನೋಡುತ್ತಾ, "ಡಿಡ್ ಯು ಲೈಕ್ ದ ಸ್ಕೂಲ್, ನೀತಾ?" ಎಂದರು.

"ಥ್ಯಾಂಕ್ ಯು."

"ಡಿಡ್ ಯು ಸೀ ದ ರ್‍ಯಾಬಿಟ್?"

"ಐ ಆಮ್ ಫೋರ್."

ಅವರು ನಕ್ಕರು. ಮತ್ತೆ ಕೇಳಿದರು. "ಆರ್ ಯು ಹಂಗ್ರಿ, ಪುಟ್ಟಿ?"

"ಥ್ಯಾಂಕ್ ಯು" ಎಂದಳು ನೀತಾ. ಅಪ್ಪನಿಗೆ ಏನು ಬೇಕೋ ತಿಳಿಯದೆ, ಕೊಟ್ಟರೆ ಸರಿಹೋದೀತು ಎಂದು ಕೊಡುವ ಹಾಗಿತ್ತು ಅವಳ ದನಿ.

ಗುರುರಾಜ ಕಾರನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿದರು. ಲಾರಿಗಳು ಹೋಗುವಾಗ ಕಾರು ಅಲುಗಾಡುತ್ತಿತ್ತು. ಎಂಜಿನ್ ಆರಿಸಿ ಹಿಂದಕ್ಕೆ ತಿರುಗಿ, "ಹಸಿವಾಗಿದ್ಯೇನೇ?" ಎಂದರು. ಕನ್ನಡದಲ್ಲಿ ಹೇಳಿದರೆ ಬೈಸಿಕೊಳ್ಳಬೇಕಾದೀತೆಂದು ಅವಳು ನನ್ನ ಕಡೆ ನೋಡಿದಳು.

ಮನೆಗೆ ಬಂದು ಬೀಗ ತೆಗೆಯುತ್ತಾ ಅವರು, "ಆ ಪಬ್ಲಿಕ್ ಸ್ಕೂಲಿಗೆ ಬಸ್ ಬರತ್ತಾ?" ಎಂದು ಕೇಳಿದರು.

"ಇಲ್ಲ. ನಾನು ನಡೆಸ್ಕೊಂಡು ಹೋಗ್ತೀನಿ."

"ಸ್ನೋ ಬಿದ್ದಾಗ?"

"ಆಗ್ಲೂ."

ಅವರಿಗೆ ಪೂರ್ತಿ ನಂಬಿಕೆ ಬಂದಿರಲಿಲ್ಲ. ನನಗೂ ಇರಲಿಲ್ಲ. ಕೈಗೆ ಬಂದ ಒಳ್ಳೆಯ ಶಾಲೆಯನ್ನು ಬಿಟ್ಟು ರಟ್ಟು ಹಚ್ಚಿದ ಕಿಟಕಿಯ ಕೋಣೆಗೆ ಮಗಳನ್ನು ಕಳಿಸುತ್ತಿದ್ದೇನೆ. ನಾಳೆ ಅವಳು ದೊಡ್ಡವಳಾಗಿ ಯಾಕೆ ಎಂದು ಕೇಳಿದರೆ ಏನು ಹೇಳಲಿ ಎಂದು ಶನಿವಾರ, ಭಾನುವಾರ ಎರಡೂ ದಿನ ಯೋಚಿಸಿದೆ. ಮನೆಯಲ್ಲಿ ಕನ್ನಡ ಮತ್ತೆ ಶುರುವಾಗಿತ್ತು, ನಮ್ಮಿಬ್ಬರಿಂದ ಮಾತ್ರ. ನೀತಾ ಕೇಳಿಸಿಕೊಳ್ಳುತ್ತಿದ್ದಳು, ಅಷ್ಟೇ.

ಸೋಮವಾರ ಬೆಳಗ್ಗೆ ಮೆಟುಚೆನ್ನಿಗೆ ಫೋನ್ ಮಾಡಿದೆ. ಹೇಳಬೇಕಾದ ವಾಕ್ಯವನ್ನು ಲಕೋಟೆಯ ಹಿಂದೆ ಬರೆದುಕೊಂಡಿದ್ದೆ. ನಮಗೆ ಸೀಟು ಬೇಡ ಎಂದು ಅದನ್ನೇ ನೋಡಿ ಓದಿದೆ. ಮಿಸ್ ಮಾರ್ಗರೆಟ್, ನೀವು ಮಗುವಿನ ದಾರಿ ಕಷ್ಟ ಮಾಡುತ್ತಿದ್ದೀರಿ, ನನಗೆ ಬೇಸರವಾಗುತ್ತಿದೆ ಎಂದರು. ಬೇಸರ ನಿಜವಾದದ್ದೇ. ನಾನು ಲಕೋಟೆಯನ್ನು ತಿರುವಿ ನೋಡಿದೆ.

ಅಷ್ಟರಲ್ಲಿ ಯಾರೋ ಸೆರಗು ಜಗ್ಗಿದರು.

"ಅಮ್ಮಾ, ಯಾರದು?"

ಫೋನಿಗೆ ಕೈ ಅಡ್ಡ ಹಿಡಿಯುವುದು ನನಗೆ ಹೊಳೆಯಲೇ ಇಲ್ಲ.

"ಮಿಸ್ ಮಾರ್ಗರೆಟ್ ಕಣಮ್ಮ. ಮೊಲ ಇತ್ತಲ್ಲ, ಆ ಸ್ಕೂಲಿನವರು."

"ಆ ಮೊಲಕ್ಕೆ ಯಾಕೆ ಅಷ್ಟು ಸಣ್ಣ ಗೂಡು?"

"ನಂಗೆ ಗೊತ್ತಿಲ್ಲ ಪುಟ್ಟಿ."

"ಕೇಳು ಮತ್ತೆ."

ಆ ಕಡೆಯಿಂದ ಮಿಸ್ ಮಾರ್ಗರೆಟ್, ಏನಂದಿರಿ, ಕೇಳಿಸಲಿಲ್ಲ ಎಂದರು. ಕ್ಷಮಿಸಿ, ನಾನು ಮಗಳ ಜೊತೆ ಮಾತಾಡುತ್ತಿದ್ದೆ ಎಂದೆ. ಆಮೇಲೆ, ಮೊಲದ ಗೂಡು ಯಾಕೆ ಅಷ್ಟು ಸಣ್ಣದು ಎಂದು ಕೇಳಿದೆ.