ಮಿರಗದ ಸುತ್ತಿನ ಕೆಂಪು

ಹುಲ್ಲಪ್ಪ ಮೌಸ್ ಹಿಡಿದುಕೊಂಡು ಆಕಾಶವನ್ನು ಒರೆಸುತ್ತ ಕುಳಿತಿದ್ದ. ಕಂಪ್ಯೂಟರಿನ ಪರದೆಯ ಮೇಲೆ ಮೃಗಶಿರಾದ ಚುಕ್ಕೆಗಳು ಸಜ್ಜೆ ಚೆಲ್ಲಿದಂತೆ ಬಿದ್ದಿದ್ದವು. ಪಕ್ಕದಲ್ಲೊಂದು ಮಸುಕು ಕೆಂಪು ಕಲೆ. ಲೆನ್ಸಿನ ಮೇಲೆ ಧೂಳು ಕೂತಿರಬೇಕು ಎಂದುಕೊಂಡ. ಕೆರೂರಿನ ಬಸ್ ನಿಲ್ದಾಣದೆದುರು ಸ್ಟುಡಿಯೋ ಇಟ್ಟಾಗಿನಿಂದ ಮದುಮಗಳ ಮೊಡವೆ, ಮದುಮಗನ ಕಣ್ಣಿನ ಕೆಳಗಿನ ಕಪ್ಪು, ಬೀಗರ ಅಂಗಿಗೆ ಚೆಲ್ಲಿದ ಸಾರು ಎಲ್ಲವನ್ನೂ ಅಳಿಸಿದ ಕೈ ಅದು. ಕಲೆ ಕಂಡರೆ ಸುಮ್ಮನಿರುವ ಜಾಯಮಾನವೇ ಅದಕ್ಕಿರಲಿಲ್ಲ. ಚಹಾ ಆರುವಷ್ಟರಲ್ಲಿ ಆಕಾಶ ತೊಳೆದಿಟ್ಟಂತಾಯಿತು.

ಈ ಹುಚ್ಚು ಹಚ್ಚಿದವಳು ಮಗಳು ರಾಜಶ್ರೀ. ಬಾದಾಮಿಯ ಕಾಲೇಜಿನಲ್ಲಿ ಬಿ.ಎಸ್ಸಿ. ಓದುತ್ತಿದ್ದಳು. ಮದುವೆ ತೆಗೆಯುವ ಕ್ಯಾಮೆರಾದಲ್ಲೇ ಸಾಕಷ್ಟು ಚಿತ್ರ ತೆಗೆದು ಒಂದರ ಮೇಲೊಂದು ಕೂಡಿಸಿದರೆ, ಬರಿಗಣ್ಣಿಗೆ ಕಾಣದ ಅನಿಲದ ಮೋಡವೂ ಕಾಣುತ್ತದೆ ಎಂದು ಅವಳು ಹೇಳಿದಾಗ ಹುಲ್ಲಪ್ಪ ನಕ್ಕಿದ್ದ. ನಕ್ಕವನೇ ಎರಡು ಸಂಜೆ ಅವಳೊಡನೆ ಊರ ಹೊರಗಿನ ಜೋಳದ ಹೊಲದ ಬದುವಿನಲ್ಲಿ ಕ್ಯಾಮೆರಾ ನಿಲ್ಲಿಸಿ, ನೂರಾರು ಚಿತ್ರ ಹೊಡೆದು, ನೆಗಡಿ ಹಚ್ಚಿಕೊಂಡು ಬಂದಿದ್ದ. ಮೋಡವೇನೂ ಬಂದಂತೆ ಕಾಣಲಿಲ್ಲ. ಅವಳಿಗೆ ಹೇಗೆ ಹೇಳುವುದೆಂದು ಸಂಕಟವಾಯಿತು.

ಅದಕ್ಕಿಂತ ಅವಸರದ ಕೆಲಸ ಬೇರೆ ಇತ್ತು. ರಾಜಶ್ರೀಗೆ ಇಳಕಲ್ಲಿನಿಂದ ಸಂಬಂಧ ಬಂದಿತ್ತು. ಹುಡುಗನ ಅಜ್ಜನಿಗೆ ಮೊಬೈಲಿನಲ್ಲಿ ಸರಿಯಾಗಿ ಕಾಣದು, ಕಾಗದದ ಮೇಲಿನ ಫೋಟೊವೇ ಬೇಕು. ಸಂಜೆಯ ಬಸ್ಸಿಗೆ ಕೊಟ್ಟು ಕಳಿಸಬೇಕು. ಅವಳ ಬಲಗೆನ್ನೆಯ ಮೇಲೆ ಕಿವಿಯಿಂದ ಗದ್ದದವರೆಗೆ ನೇರಳೆ ಬಣ್ಣದ ಹುಟ್ಟುಮಚ್ಚೆ. ಚಂದ ಮಾಡಿ ಕಳಿಸಿರಿ ಎಂದಷ್ಟೇ ಹೆಂಡತಿ ಶಾರವ್ವ ಹೇಳಿದ್ದಳು, ಅಷ್ಟು ಸಾಕಿತ್ತು. ಸ್ಟುಡಿಯೋದ ಗೋಡೆಯ ಮೇಲೆ ಸಾಲಾಗಿ ತೂಗುಹಾಕಿದ್ದ ರಾಜಶ್ರೀಯ ಒಂದು ಫೋಟೊದಲ್ಲೂ ಆ ಮಚ್ಚೆ ಇರಲಿಲ್ಲ.

ಕಾಲೇಜಿನಿಂದ ಬಂದವಳು ಚೀಲ ಇಳಿಸದೆ ಪರದೆಯ ಮುಂದೆ ಬಗ್ಗಿದಳು. ಅಪ್ಪ ಕಲೆ ತೆಗೆದಿದ್ದೇನೆ ಎಂದದ್ದು ಕೇಳಿ, ಹಳೆಯದನ್ನು ತೋರಿಸು ಎಂದಳು. ನೋಡಿದವಳು ಸ್ಟೂಲಿನ ಮೇಲೆ ಕುಳಿತುಬಿಟ್ಟಳು.

"ಅದು ಧೂಳಲ್ಲಪಾ. ಧೂಳಾಗಿದ್ರ ಕ್ಯಾಮೆರಾದ ಕೂಡ ತಿರಗ್ತಿತ್ತು. ಮೊದಲ್ನೇ ದಿನ ಕ್ಯಾಮೆರಾ ಅಡ್ಡ ಇಟ್ಟಿದ್ವಿ, ಮರುದಿನ ಉದ್ದಕ್ಕ. ಎರಡೂ ದಿನದ್ದು ಬ್ಯಾರೆ ಬ್ಯಾರೆ ಕೂಡ್ಸಿ ನೋಡೂಣು."

ಆಲ್ಬಂ ಗಿರಾಕಿಯ ಕೈಸೇರುವವರೆಗೆ ಮೂಲಚಿತ್ರ ಅಳಿಸುವ ರೂಢಿ ಹುಲ್ಲಪ್ಪನಿಗಿರಲಿಲ್ಲ, ಪುಣ್ಯ. ಕಂಪ್ಯೂಟರ್ ನರಳುತ್ತ ನರಳುತ್ತ ಎರಡು ಚಿತ್ರ ಕೊಟ್ಟಿತು. ಎರಡರಲ್ಲೂ ಆ ಕೆಂಪು ಅದೇ ಚುಕ್ಕೆಯ ಪಕ್ಕದಲ್ಲಿತ್ತು. ಒಂದನ್ನು ತಿರುಗಿಸಿ ಇನ್ನೊಂದರ ಮೇಲಿಟ್ಟ. ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ.

ಈಗ ಅವನು ಅಳಿಸುವ ಬದಲು ಮೆಲ್ಲಗೆ ಬೆಳಕು ಹೆಚ್ಚಿಸುತ್ತ ಹೋದ. ಕಲೆ ಎಂದುಕೊಂಡದ್ದು ಬರೀ ಒಂದು ತುದಿ. ಅಲ್ಲಿಂದ ಅನಿಲದ ಮೋಡದ ಕೆಂಪು ಕಮಾನೊಂದು ಮೇಲೆದ್ದು, ಬಾಗಿ, ಮೃಗಶಿರಾವನ್ನು ತೋಳಿನಿಂದ ಬಳಸಿಕೊಂಡಿತ್ತು. ಮಿರಗದ ಮಳೆಯೆಂದು ಅಪ್ಪ ಅಜ್ಜ ಕಾಯುತ್ತಿದ್ದ ನಕ್ಷತ್ರ. ಅದರ ಸುತ್ತ ಇಷ್ಟೊಂದು ಇದೆಯೆಂದು ಯಾರೂ ಹೇಳಿರಲಿಲ್ಲ. ಹುಲ್ಲಪ್ಪ ತನಗರಿವಿಲ್ಲದೆಯೇ ಮೇಜಿನ ಕೆಳಗೆ ಚಪ್ಪಲಿ ಕಳಚಿದ.

ಬಾದಾಮಿಯ ಗುಹೆ ಕೊರೆಯುತ್ತಿದ್ದ ಕಾಲಕ್ಕೆ, ಹೆಚ್ಚುಕಡಿಮೆ, ಆ ಮೋಡದಿಂದ ಹೊರಟ ಬೆಳಕು ಇದು ಎಂದಳು ರಾಜಶ್ರೀ. ಆ ಗುಹೆಗಳೆದುರು ಎಷ್ಟೋ ಜೋಡಿಗಳನ್ನು ನಿಲ್ಲಿಸಿ ಫೋಟೊ ಹೊಡೆದವನು ಹುಲ್ಲಪ್ಪ. ಅಂದಿನಿಂದ ನಡೆದು ನಡೆದು ಆ ಬೆಳಕು ಕೆರೂರಿನ ಜೋಳದ ಹೊಲಕ್ಕೆ ಬಂದು ಮುಟ್ಟಿತ್ತು. ಮುಟ್ಟಿದ್ದನ್ನು ಅವನು ಒರೆಸಿಹಾಕಿದ್ದ.

ಅಷ್ಟರಲ್ಲಿ ಶಾರವ್ವನ ಫೋನು. ಬಸ್ಸಿನ ಹೊತ್ತಾಯಿತು, ಫೋಟೊ ಆಯಿತೇ ಎಂದು. ಹುಲ್ಲಪ್ಪ ಮಗಳ ಚಿತ್ರ ತೆರೆದ. ಕೈ ತಾನಾಗಿ ಬಲಗೆನ್ನೆಗೆ ಹೋಯಿತು, ಹೋಗಿ ನಿಂತಿತು. ರಾಜಶ್ರೀ ಇನ್ನೂ ಶಾಲೆಗೆ ಹೋಗದ ಕೂಸಾಗಿದ್ದಾಗ ಇದೇ ಗೋಡೆಯ ಕೆಳಗೆ ಕತ್ತೆತ್ತಿ ನಿಂತು, ತನ್ನದೇ ಫೋಟೊಕ್ಕೆ ಬೆರಳು ಮಾಡಿ "ಅಪ್ಪಾ, ಈಕಿ ಯಾರು?" ಎಂದು ಕೇಳಿದ್ದಳು. ಅಂಗಡಿಯಲ್ಲಿದ್ದವರೆಲ್ಲ ನಕ್ಕಿದ್ದರು, ಅವನೂ ನಕ್ಕಿದ್ದ. ಆ ನಗು ಈಗ ಎದೆಗೆ ಚುಚ್ಚಿತು.

"ಏನ್ ಮಾಡ್ಲವ್ವಾ?" ಎಂದ, ಅವಳ ಕಡೆ ತಿರುಗದೆ.

ರಾಜಶ್ರೀ ಸ್ಟೂಲನ್ನು ಅವನ ಪಕ್ಕಕ್ಕೆ ಎಳೆದುಕೊಂಡಳು.

"ಅವ್ರು ನೋಡಾಕ ಬಂದಾಗ ಮುಂದ ಕುಂದ್ರಾಕಿ ನಾನ ಅಲ್ಲೇನಪಾ?"

ಹುಲ್ಲಪ್ಪ ಪ್ರಿಂಟಿಗೆ ಒತ್ತಿದ. ಕಾಗದ ನಿಧಾನವಾಗಿ ಹೊರಬಂತು. ಮೊದಲು ಬೈತಲೆ, ಆಮೇಲೆ ಹಣೆ, ಕಣ್ಣು, ಆಮೇಲೆ ಕಿವಿಯಿಂದ ಗದ್ದದವರೆಗೆ ಇಡೀ ಮಚ್ಚೆ. ಶಾಯಿ ಆರಲೆಂದು ಅವನು ಅದನ್ನು ಅಂಚಿನಲ್ಲಷ್ಟೇ ಹಿಡಿದು ಕಿಟಕಿಯ ಬೆಳಕಿಗೆ ಒಯ್ದು, ನೋಡುತ್ತ ನಿಂತ. ಚಪ್ಪಲಿ ಇನ್ನೂ ಮೇಜಿನ ಕೆಳಗೇ ಇದ್ದವು.