ದೊಡ್ಡಕ್ಕನಿಗೆ ಅಂಗಿ ಪಾಠ

ವಾರ್ಡಿನವರೆಲ್ಲ 'ದೊಡ್ಡಕ್ಕ' ಎನ್ನುತ್ತಿದ್ದ ಹಿರಿಯ ನರ್ಸಿಗೆ ಹೊಟ್ಟೆಕಿಚ್ಚು. ಸಣ್ಣಪುಟ್ಟದ್ದಲ್ಲ, ಮೇಲೆ ಪಾತ್ರೆ ಇಟ್ಟರೆ ನೀರು ಕುದಿಯುವಷ್ಟು. ಕಾರಣ, ಕಡ್ಡಿ. ಪುನರ್ವಸತಿ ನರ್ಸಿಂಗಿನ ತರಬೇತಿ ಮುಗಿಸಿ ಮೊನ್ನೆ ಮೊನ್ನೆ ಬಂದ, ಊದಿದರೆ ಹಾರಿಹೋಗುವಂಥ ಹುಡುಗಿ. ಆ ಅಡ್ಡಹೆಸರು ಇಟ್ಟವಳೂ ದೊಡ್ಡಕ್ಕನೇ.

ಲಕ್ವ ಹೊಡೆದು ಎಡಗೈ ಸೋತ ದರ್ಜಿಯನ್ನು ದೊಡ್ಡಕ್ಕ ಅಂಗೈಯಲ್ಲಿಟ್ಟು ನೋಡಿಕೊಂಡಿದ್ದಳು. ಸ್ನಾನ, ಊಟ, ಅಂಗಿ, ಎಲ್ಲ ಚಿಟಿಕೆ ಹೊಡೆಯುವುದರಲ್ಲಿ. ಕಡ್ಡಿಯೋ, ತನ್ನ ಪಾಲಿನ ರೋಗಿಗಳ ಮುಂದೆ ಅಂಗಿ ಇಟ್ಟು ಸುಮ್ಮನೆ ನೋಡುತ್ತಿದ್ದಳು. ಅವರು ಬೆವರುತ್ತಿದ್ದರು, ಅವಳಿಗೆ ಶಾಪ ಹಾಕುತ್ತಿದ್ದರು, ಒಬ್ಬೊಬ್ಬರಾಗಿ ಮನೆಗೂ ಹೋಗುತ್ತಿದ್ದರು. ತಾವೇ ಅಂಗಿ ತೊಟ್ಟು, ತಾವೇ ಬಚ್ಚಲಿಗೆ ಹೋಗಲಾರದವರನ್ನು ಆಸ್ಪತ್ರೆಯವರು ಮನೆಗೆ ಬಿಡುತ್ತಿರಲಿಲ್ಲ.

"ಕೆಲಸಗಳ್ಳಿ! ಇದಕ್ಕೊಂದು ಸರ್ಟಿಫಿಕೇಟು ಬೇರೆ ಕೇಡು," ಎಂದು ದೊಡ್ಡಕ್ಕ ವಾರ್ಡಿನ ಆಯಾಳ ಮುಂದೆ ಹಲ್ಲು ಕಡಿದಳು.

ಒಂದು ಬೆಳಿಗ್ಗೆ ದರ್ಜಿ ಅವಳ ಮುಖ ನೋಡದೆ ಹೇಳಿದ: "ಬೇಜಾರ್ ಮಾಡ್ಕೋಬೇಡಿ ಅಕ್ಕ. ನನ್ನನ್ನ ಆ ಚಿಕ್ಕ ಸಿಸ್ಟರ್‌ಗೆ ಒಪ್ಪಿಸ್ಬಿಡಿ."

"ನಾನೇನ್ ಕಮ್ಮಿ ಮಾಡ್ದೆ ನಿಮಗೆ?"

"ಏನೂ ಕಮ್ಮಿ ಮಾಡ್ಲಿಲ್ಲ, ಅದಕ್ಕೇ. ನಂಗೆ ಮನೆಗ್ ಹೋಗ್ಬೇಕು."

ಕಪಾಳಕ್ಕೆ ಬಾರಿಸಿದಂತಾಯಿತು. ಕೆಲವೇ ದಿನಗಳಲ್ಲಿ ದರ್ಜಿ ಕಡ್ಡಿಯ ಎದುರು ಒಂದೇ ಕೈಯಲ್ಲಿ ಗುಂಡಿ ಹಾಕಿಕೊಂಡು ಮಗುವಿನಂತೆ ನಕ್ಕ. ದೊಡ್ಡಕ್ಕ ಬಟ್ಟೆಕೋಣೆಯ ಬಾಗಿಲು ಹಾಕಿಕೊಂಡು ಅತ್ತಳು. ಆಮೇಲೆ ಮೂಗೊರೆಸಿಕೊಂಡು, ಆಸ್ಪತ್ರೆಯಲ್ಲೇ ನರ್ಸುಗಳಿಗೆ ಶುರುವಾಗಲಿದ್ದ ಪುನರ್ವಸತಿ ತರಬೇತಿಗೆ ಹೆಸರು ಕೊಟ್ಟಳು. ಆ ವಿದ್ಯೆ ಕಲಿತು ಆ ಹುಡುಗಿಯ ಸೊಕ್ಕು ಮುರಿಯಬೇಕು, ತನ್ನ ರೋಗಿಗಳು ತನ್ನ ಹತ್ತಿರವೇ ಉಳಿಯಬೇಕು, ಅಷ್ಟೇ.

ಹಣೆಬರಹ ನೋಡಿ, ಪಾಠ ಹೇಳಲು ಬಂದದ್ದೂ ಕಡ್ಡಿಯೇ!

"ಎಡಗೈಗೆ ಜೀವ ಇಲ್ಲ ಅಂದ್ಕೊಳ್ಳಿ ಅಕ್ಕ. ಈಗ ಈ ಅಂಗಿ ಹಾಕ್ಕೊಳ್ಳಿ."

ಇದೇನು ಮಹಾ! ದೊಡ್ಡಕ್ಕ ಬಲಗೈ ತೂರಿಸಿದಳು. ಅಲ್ಲಿಗೆ ಕೆಟ್ಟಿತು. ಸೋತ ಕೈಗೆ ಮೊದಲು ಅಂಗಿಯ ತೋಳು ಏರಿಸಬೇಕೆಂಬುದು ಅವಳಿಗೆ ಹೊಳೆಯಲೇ ಇಲ್ಲ. ಅಂಗಿ ಬೆನ್ನ ಹಿಂದೆ ಸಿಕ್ಕಿಕೊಂಡಿತು. ಎಳೆದಳು, ಬಗ್ಗಿದಳು, ಹಲ್ಲಿನಿಂದ ಕಚ್ಚಿದಳು. ಪಾಪ ಅನ್ನಿಸಿ ಪಕ್ಕದ ನರ್ಸ್ ಕೈ ಚಾಚಿದಳು.

"ಮುಟ್ಬೇಡ! ನಾನೇ ಹಾಕ್ಕೋತೀನಿ!"

ತಾನು ಕೂಗಿದ್ದು ತನ್ನ ಕಿವಿಗೇ ಬಿತ್ತು. ದರ್ಜಿಗೆ ಒಂದೇ ಒಂದು ಬೆಳಿಗ್ಗೆಯೂ ಹೀಗೆ ಕೂಗಲು ಅವಳು ಬಿಟ್ಟಿರಲಿಲ್ಲ.

ಕಡ್ಡಿ ನಗಲಿಲ್ಲ. ನಕ್ಕಿದ್ದರೆ ಬೈದಾದರೂ ಹಗುರಾಗಬಹುದಿತ್ತು. ಆ ಹಾಳು ಹುಡುಗಿ, ಇಡೀ ದಿನ ಬಿಡುವಿದೆಯೇನೋ ಎನ್ನುವ ಹಾಗೆ ಕಾಯುತ್ತ ನಿಂತಿದ್ದಳು.